ಗೋಗಿಯ ಯುರೇನಿಯಂ: ಅಳತೆಯಿಲ್ಲದ ವಾದ

ಶಹಾಪುರ ತಾಲ್ಲೂಕಿನ ಗೋಗಿ, ಆದಿಲಶಾಹಿ ಮನೆತನದ ಮೊದಲ ಸುಲ್ತಾನರ ಗೋರಿಗಳಿರುವ ಊರು. ಕೆಲವು ದಶಕಗಳಿಂದ ಅದರ ಹೆಸರು ಬೇರೊಂದು ಕಾರಣಕ್ಕೆ ಕೇಳಿಬರುತ್ತಿದೆ. ಇಲ್ಲಿನ ಸುಣ್ಣಕಲ್ಲಿನಲ್ಲಿಯೂ ಅದರ ಕೆಳಗಿನ ಗ್ರಾನೈಟಿನಲ್ಲಿಯೂ ಪರಮಾಣು ಖನಿಜ ನಿರ್ದೇಶನಾಲಯವು ಯುರೇನಿಯಂ ಅದಿರನ್ನು ಪತ್ತೆ ಹಚ್ಚಿತು. ಜಾದೂಗೋಡದ ಅದಿರಿಗಿಂತ ಇದರಲ್ಲಿ ಯುರೇನಿಯಂ ಅಂಶ ಹೆಚ್ಚು. ಪರಿಶೋಧನೆಗಾಗಿ ಗಣಿ ತೋಡುವ ಕೆಲಸ ಆರಂಭವಾಯಿತು. ಗ್ರಾಮಸ್ಥರ ವಿರೋಧದ ನಡುವೆ ನಿಂತಿತು.

ಈ ವಿವಾದದಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಬರುತ್ತವೆ. ಅದಿರು ಕೋಟ್ಯಂತರ ವರ್ಷಗಳಿಂದ ಇಲ್ಲಿಯೇ ಇರುವುದರಿಂದ ಗಣಿಯಿಂದ ಹೊಸ ಅಪಾಯವೇನೂ ಇಲ್ಲ ಎಂಬುದು ಒಂದು. ಊರಿನ ಕಾಯಿಲೆಗಳಿಗೆಲ್ಲ ವಿಕಿರಣವೇ ಕಾರಣ ಎಂಬುದು ಇನ್ನೊಂದು. ಭೌತವಿಜ್ಞಾನದ ಅಧ್ಯಾಪಕನಾಗಿ ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ.

ಎರಡನೆಯದನ್ನು ಮೊದಲು ನೋಡೋಣ. ಕುಡಿಯುವ ನೀರಿನಲ್ಲಿ ಲೀಟರಿಗೆ 30 ಮೈಕ್ರೋಗ್ರಾಂ ಯುರೇನಿಯಂ ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು. ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ 60. ಲೀಟರಿಗೆ 30 ಮೈಕ್ರೋಗ್ರಾಂ ಇರುವ ನೀರನ್ನು ದಿನಕ್ಕೆ 2 ಲೀಟರಿನಂತೆ ವರ್ಷವಿಡೀ ಕುಡಿದರೆ ಒಳಸೇರುವ ಯುರೇನಿಯಂ ಸುಮಾರು 22 ಮಿಲಿಗ್ರಾಂ. ಅದರಿಂದ ದೊರೆಯುವ ವಿಕಿರಣ ಪ್ರಮಾಣ ಸುಮಾರು 0.03 ಮಿಲಿಸೀವರ್ಟ್. ನಿಸರ್ಗದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಿಗುತ್ತದೆ. ಹಾಗಾದರೆ ಇಷ್ಟು ಬಿಗಿಯಾದ ಮಿತಿ ಏಕೆ? ಯುರೇನಿಯಂ ಒಂದು ಭಾರಲೋಹ. ಅದು ಮೂತ್ರಪಿಂಡಕ್ಕೆ ವಿಷ. ‘ವಿಕಿರಣ’ ಎಂಬ ಒಂದೇ ಪದದ ಗದ್ದಲದಲ್ಲಿ ಈ ಸಂಗತಿ ಮರೆಯಾಗುತ್ತದೆ.

ಇನ್ನು ಮೊದಲನೆಯ ಮಾತು. ಬಂಡೆಯೊಳಗೆ ಭದ್ರವಾಗಿರುವ ಅದಿರೂ ಪುಡಿಯಾಗಿ ಗಾಳಿ ನೀರು ತಗಲುವ ಅದಿರೂ ಒಂದೇ ಅಲ್ಲ. ಸುಣ್ಣಕಲ್ಲಿನ ನೀರಿನಲ್ಲಿ ಬೈಕಾರ್ಬೊನೇಟ್ ಹೇರಳ. ಆಕ್ಸಿಜನ್ ದೊರೆತೊಡನೆ ಯುರೇನಿಯಂ ಉತ್ಕರ್ಷಣಗೊಂಡು, ಕಾರ್ಬೊನೇಟಿನೊಂದಿಗೆ ಕೂಡಿ ನೀರಿನಲ್ಲಿ ಕರಗುತ್ತದೆ. ಆಂಧ್ರದ ತುಮ್ಮಲಪಲ್ಲೆ ಕಾರ್ಖಾನೆಯಲ್ಲಿ ಅದಿರಿನಿಂದ ಯುರೇನಿಯಂ ತೆಗೆಯುವುದೂ ಇದೇ ಕ್ರಿಯೆಯಿಂದ. ಕಾರ್ಖಾನೆಯಲ್ಲಿ ಬಿಸಿ ಮಾಡಿ, ಒತ್ತಡ ಹಾಕಿ ಬೇಗ ಮಾಡಿಸುವುದನ್ನು ಕೊಳವೆಬಾವಿಯ ಸುತ್ತ ನಿಸರ್ಗವು ನಿಧಾನವಾಗಿ ಮಾಡುತ್ತಿರಬಹುದು. ರಸಗೊಬ್ಬರದ ನೈಟ್ರೇಟ್ ಕೂಡ ಯುರೇನಿಯಂ ಕರಗಲು ನೆರವಾಗುತ್ತದೆ. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರಗಳ ಹೊಲಗಳಲ್ಲಿ ಭತ್ತ ಬಂತು, ಗೊಬ್ಬರವೂ ಬಂತು. ಗಣಿಯ ಪರ ಇರುವವರೂ ವಿರೋಧಿಗಳೂ ಈ ಕಡೆ ನೋಡುವುದೇ ಕಡಿಮೆ. ಅದಿರಿನಿಂದ ಯುರೇನಿಯಂ ತೆಗೆದ ಮೇಲೂ ರೇಡಿಯಂ ಮೊದಲಾದ ಧಾತುಗಳು ಉಳಿಕೆ ಕೆಸರಿನಲ್ಲಿಯೇ ಇರುತ್ತವೆ. ರೇಡಿಯಂ-226ರ ಅರ್ಧಾಯು 1600 ವರ್ಷ. ಕೆಸರಿನ ಕೆರೆಗೆ ಕಟ್ಟುವ ಏರಿಯನ್ನು ಅಷ್ಟು ಕಾಲ ಕಾಯುವವರು ಯಾರು?

ಅಮೆರಿಕದಲ್ಲಿ ಪರಿಸರದ ಚರ್ಚೆಗೆ ಹೊಸ ತಿರುವು ಕೊಟ್ಟದ್ದು 1962ರಲ್ಲಿ ಬಂದ ರೇಚಲ್ ಕಾರ್ಸನ್‌ರ ಕೀಟನಾಶಕಗಳ ಕುರಿತ ಪುಸ್ತಕ. ಯೋಜನೆಗೆ ಮೊದಲೇ ಪರಿಸರದ ಮೇಲಿನ ಪರಿಣಾಮವನ್ನು ಬರೆದು ತೋರಿಸಬೇಕೆಂಬ ಕಾನೂನು ಅಲ್ಲಿ 1970ರ ಜನವರಿ 1ರಂದು ಬಂತು. ಆದರೆ ನ್ಯೂ ಮೆಕ್ಸಿಕೋದ ಗಣಿಗಳು ಅದಕ್ಕಿಂತ ಹಳೆಯವು. 1979ರ ಜುಲೈ 16ರಂದು ಅಲ್ಲಿನ ಚರ್ಚ್ ರಾಕ್‌ನಲ್ಲಿ ಕೆಸರಿನ ಏರಿ ಒಡೆದು ಸುಮಾರು 35 ಕೋಟಿ ಲೀಟರ್ ಆಮ್ಲೀಯ ನೀರು ಪ್ಯೂರ್ಕೋ ನದಿಗೆ ಹರಿಯಿತು. ನದಿಯ ದಂಡೆಯಲ್ಲಿದ್ದವರು ನವಾಹೋ ಕುರಿಗಾಹಿಗಳು. ಗಣಿಯಿಂದ ಎತ್ತಿ ಹಾಕಿದ ನೀರು ಅದಕ್ಕೂ ಮುಂಚೆ ವರ್ಷಗಟ್ಟಲೆ ಅದೇ ನದಿಗೆ ಸೇರಿತ್ತು. ಬಂಡೆಯಲ್ಲಿ ಸಹಜ ಯುರೇನಿಯಂ ಇತ್ತು. ನೀರಿನಲ್ಲಿದ್ದ ಯುರೇನಿಯಂನಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟವಾಯಿತು. ನವಾಹೋ ಜನ 2005ರಲ್ಲಿ ತಮ್ಮ ನೆಲದಲ್ಲಿ ಯುರೇನಿಯಂ ಗಣಿಗಾರಿಕೆಯನ್ನೇ ನಿಷೇಧಿಸಿದರು.

ಗೋಗಿಯಲ್ಲಿ ದೊಡ್ಡ ಗಣಿ ಇನ್ನೂ ಇಲ್ಲ. ಇಂದಿನ ಅಳತೆಯೇ ನಾಳೆಯ ಹೋಲಿಕೆಗೆ ಆಧಾರ. ಬೈಕಾರ್ಬೊನೇಟನ್ನು ಅಳೆಯಲು ನಮ್ಮ ಯಾವುದೇ ಪದವಿ ಕಾಲೇಜಿನ ಬ್ಯೂರೆಟ್ ಸಾಕು. ಯುರೇನಿಯಂಗೆ ಫ್ಲೋರಿಮೀಟರ್ ಇರುವ ಪ್ರಯೋಗಾಲಯಕ್ಕೆ ಮಾದರಿ ಕಳಿಸಬೇಕು. ಒಂದೇ ಬಾವಿಯ ನೀರನ್ನು ಕಾಲುವೆ ಹರಿಯುವಾಗ ಒಮ್ಮೆ, ಕಾಲುವೆ ಒಣಗಿದ ಬೇಸಿಗೆಯಲ್ಲಿ ಇನ್ನೊಮ್ಮೆ ತೆಗೆಯಬೇಕು. ಬಾವಿಯ ಆಳವನ್ನು ಸೀಸೆಯ ಮೇಲೆಯೇ ಬರೆದಿಡಬೇಕು.