ಅಚ್ಚಾದ ಸಾಹಸ, ಮನೆಯ ಆಟ

ರೂಪಾಂತರವೆಂದರೆ ಬರೀ ಹೆಸರು ಬದಲಿಸುವುದಲ್ಲ ಎಂಬ ಮಾತನ್ನು ಕನ್ನಡ ವಿಮರ್ಶೆ ಬಹಳ ಹಿಂದಿನಿಂದ ಹೇಳುತ್ತ ಬಂದಿದೆ. ಬಿ.ಎಂ.ಶ್ರೀ. ಅವರು ಗ್ರೀಕ್ ನಾಟಕಕಾರ ಸೊಫೋಕ್ಲಿಸನ 'ಅಜಾಕ್ಸ್' ನಾಟಕವನ್ನು 'ಅಶ್ವತ್ಥಾಮನ್' ಮಾಡಿದಾಗ, ಕುವೆಂಪು ಅವರು 'ಹ್ಯಾಮ್ಲೆಟ್'ನ್ನು ಬಿದನೂರಿನ ಇತಿಹಾಸಕ್ಕೆ ತಂದು 'ರಕ್ತಾಕ್ಷಿ' ಬರೆದಾಗ, ಪಾತ್ರಗಳ ಹೆಸರಿನ ಜೊತೆಗೆ ಅವುಗಳ ಸಂಕಟದ ಬೇರೂ ಬದಲಾಯಿತು. ಈ ಚರ್ಚೆ ನಮ್ಮಲ್ಲಿ ನಾಟಕ, ಕಾದಂಬರಿ, ಸಿನಿಮಾಗಳ ಆಚೆಗೆ ಹೋದದ್ದು ಕಡಿಮೆ. ಈಗ ಬೆಂಗಳೂರಿನ ಹುಡುಗ ಹುಡುಗಿಯರ ನಡುವೆ ಕಾಣಿಸಿಕೊಂಡಿರುವ ಒಂದು ಬಗೆಯ ಆಟಕ್ಕೂ ಈ ಪ್ರಶ್ನೆಯನ್ನು ಕೇಳಬೇಕೆಂದು ನಮಗೆ ಅನ್ನಿಸುತ್ತದೆ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಇದರಲ್ಲಿ ಗೆದ್ದವರು ಸೋತವರು ಎಂಬುದಿಲ್ಲ. ಒಬ್ಬರು ಸೂತ್ರಧಾರರಾಗಿ ಕಥೆ ನಡೆಸುತ್ತಾರೆ. ಉಳಿದವರು ತಲಾ ಒಂದು ಪಾತ್ರ ವಹಿಸಿ, ತಮ್ಮ ಪಾತ್ರ ಏನು ಮಾಡುತ್ತದೆ ಎಂದು ಬಾಯಲ್ಲಿ ಹೇಳುತ್ತಾರೆ. ಕೈ ಹಾಕಿದ ಕೆಲಸ ಕೂಡಿ ಬಂತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಸೂತ್ರಧಾರರ ಅನುಕೂಲಕ್ಕೆಂದು ಕಂಪನಿಗಳು ಸಿದ್ಧ ಸಾಹಸಕಥೆಗಳನ್ನು ನಕ್ಷೆ, ಶತ್ರು, ನಿಧಿಗಳ ಸಮೇತ ಅಚ್ಚು ಹಾಕಿ ಮಾರುತ್ತವೆ. ಕೊಂಡವರು ಅದನ್ನು ಕತ್ತರಿಸಿ, ಕೂಡಿಸಿ, ತಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ನಡೆಯುವ ಆಟಕ್ಕೆ ಹೊಂದಿಸಿಕೊಳ್ಳುತ್ತಾರೆ.

ಈ ಹೊಂದಿಸಿಕೊಳ್ಳುವ ಕೆಲಸ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗೆ ಹೊಸದೇನಲ್ಲ. ಇಲ್ಲಿನ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಆಡಿಸುವ ಹಾರ್ಮೋನಿಯಂ ಮೇಷ್ಟರು ಮಾಡುವುದೂ ಇದನ್ನೇ. ಅಚ್ಚಾದ ನಾಟಕದ ಪುಸ್ತಕ ಅವರ ಕೈಯಲ್ಲಿರುತ್ತದೆ. ಆದರೆ ಊರಿನಲ್ಲಿ ಕೃಷ್ಣನಾಗಲು ಇಬ್ಬರು ಹಟ ಹಿಡಿದರೆ ಪಾತ್ರ ಎರಡು ಭಾಗವಾಗುತ್ತದೆ. ಕಂಠ ಚೆನ್ನಾಗಿರುವವನಿಗೆ ಎರಡು ಹಾಡು ಹೆಚ್ಚು, ಮಾತು ತೊದಲುವವನಿಗೆ ಸಂಭಾಷಣೆ ಕಡಿಮೆ. ಪುಸ್ತಕಕ್ಕೆ ನಿಷ್ಠೆ ಎಷ್ಟು, ಊರಿಗೆ ನಿಷ್ಠೆ ಎಷ್ಟು ಎಂಬ ಲೆಕ್ಕ ಮೇಷ್ಟರಿಗೆ ಚೆನ್ನಾಗಿ ಗೊತ್ತು. ಮುನ್ಷಿ ನವಲ್ ಕಿಶೋರರ ಲಖನೌ ಮುದ್ರಣಾಲಯ ಹಮ್ಜಾ ದಾಸ್ತಾನನ್ನು 46 ಸಂಪುಟಗಳಲ್ಲಿ ಅಚ್ಚು ಹಾಕುವುದಕ್ಕೆ ಮೊದಲು ದಾಸ್ತಾನ್‌ಗೋಗಳೂ ಹೀಗೆಯೇ ಕೂತ ಜನರನ್ನು ನೋಡಿ ಕಥೆಯನ್ನು ಹಿಗ್ಗಿಸಿ ಕುಗ್ಗಿಸುತ್ತಿದ್ದರು.

ಹಾಗಿದ್ದರೂ ಸಿದ್ಧ ಸಾಹಸವನ್ನು ಇಲ್ಲಿಗೆ ತರುವಾಗ ಎಡವುವ ಜಾಗಗಳಿವೆ. ಗೈಗ್ಯಾಕ್ಸ್ ಬರೆದ, 1980ರಲ್ಲಿ ಪ್ರಕಟವಾದ 'ಎಕ್ಸ್‌ಪೆಡಿಷನ್ ಟು ದ ಬ್ಯಾರಿಯರ್ ಪೀಕ್ಸ್' ಎಂಬ ಸಾಹಸವನ್ನು ನೋಡಬಹುದು. ಕತ್ತಿ, ಮಂತ್ರಗಳ ಕಾಲದ ವೀರರು ಪರ್ವತದೊಳಗೆ ಹೂತುಹೋದ ಆಕಾಶನೌಕೆಯನ್ನು ಹೊಗುತ್ತಾರೆ. ಯಂತ್ರಮಾನವ, ಕಿರಣದ ಬಂದೂಕು ಯಾವುದೂ ಅವರಿಗೆ ಗೊತ್ತಿಲ್ಲ. ಅದಕ್ಕಾಗಿಯೇ ಪುಸ್ತಕದ ಜೊತೆ ಚಿತ್ರಗಳ ಪುಸ್ತಿಕೆಯೊಂದಿದೆ. ಸೂತ್ರಧಾರ ವಸ್ತುವಿನ ಹೆಸರು ಹೇಳದೆ ಚಿತ್ರ ತೋರಿಸುತ್ತಾನೆ. ಆಡುವವನಿಗೆ ತಿಳಿದದ್ದು ಪಾತ್ರಕ್ಕೆ ತಿಳಿಯದು. ಆಟದ ಸೊಗಸಿರುವುದೇ ಇಲ್ಲಿ.

ಈ ನೌಕೆಯನ್ನು ಮಾಗಡಿಯ ಸಾವನದುರ್ಗದ ಹೆಬ್ಬಂಡೆಯ ಕೆಳಗೆ ಇಡುವುದು ಸುಲಭ. ಆದರೆ ಮೂಲದ ವೀರರು ಹೊರಗಿನಿಂದ ಬಂದವರು. ಬೀಗ ಒಡೆದು, ಸಿಕ್ಕಿದ್ದನ್ನು ಹೊತ್ತು ಹೊರಟುಹೋಗುವುದು ಅವರ ರೀತಿ. ಸಾವನದುರ್ಗವಾದರೋ ಯಾರೂ ಇಲ್ಲದ ಜಾಗವಲ್ಲ. ಅಲ್ಲಿ ವೀರಭದ್ರ ಮತ್ತು ನರಸಿಂಹನ ಗುಡಿಗಳಿವೆ, ಕುರಿ ಮೇಯಿಸುವವರಿದ್ದಾರೆ, ಸೌದೆಗೆ ಹೋಗುವವರಿದ್ದಾರೆ. ಬೆಟ್ಟದಲ್ಲಿ ನಿಧಿಯಿದೆ ಎಂದು ಹೊರಗಿನವರಿಗೆ ಗೊತ್ತಾದರೆ ಏನಾಗುತ್ತದೆಂದು ಕನಕಪುರದ ಕಲ್ಲು ಕ್ವಾರಿಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ಇಲ್ಲಿ ಆಡುವವರ ಮುಂದಿರಬೇಕಾದ ಪ್ರಶ್ನೆ 'ಏನನ್ನು ಹೊತ್ತೊಯ್ಯಬಹುದು' ಎಂಬುದಲ್ಲ. 'ಇದು ಸಿಕ್ಕಿತೆಂದು ಯಾರಿಗೆ ಹೇಳಬೇಕು, ಹೇಳಿದರೆ ಊರು ಉಳಿಯುತ್ತದೆಯೆ' ಎಂಬುದು. ನಕ್ಷೆ ಅದೇ ಇರಬಹುದು, ಕಥೆ ಬೇರೆಯಾಗುತ್ತದೆ.

ಹೀಗೆ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ರಾಮನಗರದಲ್ಲೇ ಇದೆ. ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ಬಿಡುಗಡೆಯಾದ 'ಶೋಲೆ'ಯ ಹಿಂದಿನ ಪ್ರೇರಣೆಗಳಲ್ಲಿ ಅಕಿರ ಕುರೊಸಾವನ 1954ರ 'ಸೆವೆನ್ ಸಮುರಾಯ್' ಒಂದು. ಕುರೊಸಾವನಲ್ಲಿ ದರೋಡೆಕೋರರ ಕಾಟ ತಾಳಲಾರದ ರೈತರೇ ಯೋಧರನ್ನು ಹುಡುಕಿ ಕರೆತರುತ್ತಾರೆ, ತಾವೂ ಹೋರಾಡುತ್ತಾರೆ. 'ಶೋಲೆ'ಯಲ್ಲಿ ಕರೆತರುವವನು ಠಾಕೂರ. ಊರಿನ ಸಂಕಟ ಯಜಮಾನನ ಸೇಡಾಗಿ ಬದಲಾಗುತ್ತದೆ, ರೈತ ಹಿನ್ನೆಲೆಗೆ ಸರಿಯುತ್ತಾನೆ. ನಮ್ಮ ಬೆಟ್ಟ ತೆರೆಯ ಮೇಲೆ ಬಂತು, ಬೆಟ್ಟದ ಜನ ಬರಲಿಲ್ಲ. 'ಶೋಲೆ'ಯ ರಂಜನೆಯನ್ನು ನಾವು ಅಲ್ಲಗಳೆಯುತ್ತಿಲ್ಲ. ರೂಪಾಂತರದಲ್ಲಿ ಕಥೆ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಕೇಳುವುದನ್ನು ಮರೆಯಬಾರದು ಎನ್ನುತ್ತಿದ್ದೇವೆ, ಅಷ್ಟೆ.

ದಾಳದಂಥ ಸಣ್ಣ ವಿಷಯಕ್ಕೂ ಇದೇ ಮಾತು. ಈ ಆಟಗಳಲ್ಲಿ ಇಪ್ಪತ್ತು ಮುಖದ ದಾಳ ಬಳಸುತ್ತಾರೆ. ಪ್ರತಿ ಸಂಖ್ಯೆಗೂ ಬೀಳುವ ಅವಕಾಶ ಸಮ, ನೂರಕ್ಕೆ ಐದು. ಬದಲಿಗೆ ನಮ್ಮ ಚೌಕಾಬಾರದ ನಾಲ್ಕು ಕವಡೆ ಹಿಡಿದರೆ ಲೆಕ್ಕ ಬೇರೆ. ಕವಡೆ ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತದೆಂದು ಇಟ್ಟುಕೊಂಡರೆ, ಹದಿನಾರು ಸಲದಲ್ಲಿ ಆರು ಸಲ ಎರಡು ತೆರೆದು ಎರಡು ಮುಚ್ಚಿ ಬೀಳುತ್ತವೆ. ನಾಲ್ಕೂ ಒಂದೇ ಮಗ್ಗುಲಾಗುವುದು ಎರಡೇ ಸಲ. ಮೊದಲನೆಯದರಲ್ಲಿ ಅದ್ಭುತವೂ ಅನಾಹುತವೂ ಮಾಮೂಲಿನಷ್ಟೇ ಸಲೀಸು, ಎರಡನೆಯದರಲ್ಲಿ ಅವು ಅಪರೂಪ. ಕವಡೆ ತಂದರೆ ವೀರರ ಕಥೆ ಸಾಮಾನ್ಯರ ಕಥೆಯತ್ತ ವಾಲುತ್ತದೆ. ಚನ್ನಪಟ್ಟಣದ ಅರಗಿನ ಕಾಯಿಗಳನ್ನು ಮಣೆಯ ಮೇಲಿಟ್ಟರೆ ಸೀಮೆಯ ಬಣ್ಣ ಬಂದೀತು. ಕವಡೆಯ ಲೆಕ್ಕ ಅದಕ್ಕಿಂತ ಆಳಕ್ಕೆ ಇಳಿಯುತ್ತದೆ.

ಇನ್ನು ಇದಕ್ಕಿಂತ ಕಠಿಣವಾದ ಮಾತಿಗೆ ಬರೋಣ. ಇಂಥ ಆಟಗಳಲ್ಲಿ ವಿಜ್ಞಾನವನ್ನೂ ಮಾಯೆಯನ್ನೂ ಬೆರೆಸಿದ ಮೊದಮೊದಲ ಜಗತ್ತು 1975ರಲ್ಲಿ ಪ್ರಕಟವಾದ 'ಎಂಪೈರ್ ಆಫ್ ದ ಪೆಟಲ್ ಥ್ರೋನ್'. ಇದನ್ನು ಕಟ್ಟಿದವರು ಎಂ.ಎ.ಆರ್. ಬಾರ್ಕರ್. 1951ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ಭಾರತಕ್ಕೆ ಬಂದ ಫಿಲಿಪ್ ಬಾರ್ಕರ್ ಇಸ್ಲಾಂ ಸ್ವೀಕರಿಸಿ ಮುಹಮ್ಮದ್ ಅಬ್ದುಲ್ ರಹಮಾನ್ ಬಾರ್ಕರ್ ಆದರು. ಮೆಕ್‌ಗಿಲ್ ಮತ್ತು ಮಿನ್ನೆಸೋಟ ವಿಶ್ವವಿದ್ಯಾಲಯಗಳಲ್ಲಿ ಅಧ್ಯಾಪಕರಾಗಿದ್ದರು. ಅವರ ಉರ್ದು ಪಠ್ಯಗಳಿಂದ ಪಶ್ಚಿಮದ ಎಷ್ಟೋ ವಿದ್ಯಾರ್ಥಿಗಳು ಭಾಷೆ ಕಲಿತರು. ಯುರೋಪಿನ ಕೋಟೆ ಕೊತ್ತಲಗಳನ್ನು ಬಿಟ್ಟು ಬೇರೆಯದೇ ಭಾಷೆ, ಆಚಾರ, ಮರ್ಯಾದೆಗಳ ಜಗತ್ತನ್ನು ಕಟ್ಟಿದ ಅವರ ಬಗ್ಗೆ ಮುಸ್ಲಿಂ ಓದುಗರಿಗೆ ಹೆಮ್ಮೆಯೆನಿಸುವುದು ಸಹಜ.

ಆದರೆ ಅವರು 2012ರಲ್ಲಿ ತೀರಿಕೊಂಡು ಹತ್ತು ವರ್ಷಗಳಾದ ಮೇಲೆ, 1991ರಲ್ಲಿ ಸುಳ್ಳು ಹೆಸರಿನಲ್ಲಿ ಬಂದಿದ್ದ 'ಸರ್ಪೆಂಟ್ಸ್ ವಾಕ್' ಎಂಬ ನಾಜಿಪರ ಕಾದಂಬರಿ ಬಾರ್ಕರರದೇ ಎಂದು ಅವರ ಕೃತಿಗಳ ಹೊಣೆ ಹೊತ್ತ ಪ್ರತಿಷ್ಠಾನವೇ 2022ರಲ್ಲಿ ಒಪ್ಪಿಕೊಂಡಿತು. ಯಹೂದಿಗಳ ನರಮೇಧವನ್ನು ಅಲ್ಲಗಳೆಯುವ ಪತ್ರಿಕೆಯೊಂದರ ಸಲಹಾ ಮಂಡಳಿಯಲ್ಲೂ ಅವರ ಹೆಸರಿತ್ತು. ಇದನ್ನು ನಾವು ನಮ್ಮ ಪುಟಗಳಲ್ಲಿ ಮೊದಲು ಹೇಳಬೇಕು, ದನಿ ತಗ್ಗಿಸದೆ ಹೇಳಬೇಕು. ದ್ವೇಷಕ್ಕೆ ಗುರಿಯಾದವರು ಯಹೂದಿಗಳೆಂದಾಗಲಿ, ಬರೆದವನ ಹೆಸರು ನಮ್ಮದೆಂದಾಗಲಿ ದ್ವೇಷದ ತೂಕ ಇಳಿಯುವುದಿಲ್ಲ. ನಮ್ಮ ಮೇಲೆ ಅದೇ ಬಗೆಯ ಬರಹ ಬಂದಾಗ ನಾವು ಕೇಳುವ ನ್ಯಾಯ ಇತರರಿಗೂ ಸಲ್ಲಬೇಕು.

ಹಾಗಾದರೆ ಆ ಆಟವನ್ನು ಬಿಸಾಡಬೇಕೆ? ನಮ್ಮ ಅಭಿಪ್ರಾಯದಲ್ಲಿ ಬಿಸಾಡುವುದಕ್ಕಿಂತ ಎಚ್ಚರದಿಂದ ಓದುವುದು ಹೆಚ್ಚು ಕಷ್ಟದ, ಹೆಚ್ಚು ಅಗತ್ಯದ ಕೆಲಸ. ಬಾರ್ಕರರ ಟೆಕುಮೆಲ್ ಗ್ರಹಕ್ಕೆ ಮನುಷ್ಯರು ವಲಸೆ ಬಂದವರು. ಮೊದಲಿಂದ ಅಲ್ಲಿದ್ದ ಸ್ಸೂ, ಹ್ಲುಸ್ ಜೀವಿಗಳ ನೆಲ ಕಿತ್ತುಕೊಂಡು ಅವರನ್ನು ಮೂಲೆಗೆ ತಳ್ಳಿದವರು. ಇದು ಪುಸ್ತಕದಲ್ಲೇ ಇದೆ. ಆದರೂ ಆಟದಲ್ಲಿ ಆ ಮೂಲನಿವಾಸಿಗಳೇ ಹುಟ್ಟು ವೈರಿಗಳು. ರಾಮನಗರ, ಮಾಗಡಿ, ಕನಕಪುರದ ಕಾಡಂಚಿನಲ್ಲಿ ಇರುಳಿಗರು ಇದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ತಮ್ಮ ನೆಲದ ಹಕ್ಕುಪತ್ರಕ್ಕಾಗಿ ಹೋರಾಡಿದವರು. ಅವರನ್ನು ನೆರೆಯವರೆಂದು ಬಲ್ಲ ಸೂತ್ರಧಾರ ಆ ಪುಟವನ್ನು ಅಚ್ಚಾದಂತೆ ಒಪ್ಪಿಸಲಾರ. ಸ್ಸೂಗಳಿಗೂ ಮಾತು ಕೊಡುತ್ತಾನೆ, ಅಹವಾಲು ಕೊಡುತ್ತಾನೆ. ಆಟ ಶುರುವಾಗುವ ಮೊದಲೇ ಲೇಖಕನ ಸಂಗತಿಯನ್ನು ಆಡುವವರಿಗೆ ತಿಳಿಸುತ್ತಾನೆ, ಬೇಡವೆಂದವರ ಮಾತಿಗೆ ಬೆಲೆ ಕೊಡುತ್ತಾನೆ.

ಹುಟ್ಟಿನಿಂದಲೇ ಕೆಟ್ಟದ್ದೆಂಬ ಕುಲ ಅಚ್ಚಾದ ಸಾಹಸಗಳಲ್ಲಿ ಹೇರಳ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಪ್ರಕಾಶಕರೇ 2020ರಲ್ಲಿ ಈ ಕಲ್ಪನೆಯಿಂದ ದೂರ ಸರಿಯುವುದಾಗಿ ಹೇಳಬೇಕಾಯಿತು. ಮಾರುಕಟ್ಟೆಯ ಲೆಕ್ಕವೂ ಅದರಲ್ಲಿ ಇದ್ದಿರಬಹುದು. ನಮಗೆ ಕಾರಣ ಬೇರೆ. ಇಲ್ಲಿ ಒಂದೇ ಮೇಜಿನ ಸುತ್ತ ಸಲ್ಮಾ, ಗೌಡರ ಹುಡುಗ, ದಲಿತ ಕೇರಿಯ ಹುಡುಗಿ ಒಟ್ಟಿಗೆ ಕೂರಬೇಕು. ಇಂಥ ಕುಲದಲ್ಲಿ ಹುಟ್ಟಿದವನು ಇಂಥವನೇ ಎಂಬ ಮಾತನ್ನು ಅವರು ಹೊರಗೆ ದಿನವೂ ಕೇಳುತ್ತಾರೆ. ಆಟದಲ್ಲೂ ಅದನ್ನೇ ಕಲಿಸುವುದಾದರೆ ಅಷ್ಟು ದೂರದ ಗ್ರಹಕ್ಕೆ ಹೋಗಿ ಬರುವ ಶ್ರಮವಾದರೂ ಯಾಕೆ?