ತೂಕ ಸರಿಯಿದ್ದವರು ಏನು ಮಾಡಬೇಕು?

ಕುಂಭಾಶಿಯ ಆನೆಗುಡ್ಡೆ ವಿನಾಯಕನ ಸನ್ನಿಧಿಯಲ್ಲಿ ತುಲಾಭಾರ ಹೆಸರಾದ ಹರಕೆ. ತಟ್ಟೆಯಲ್ಲಿ ಕೂತವರ ಮೈಯಲ್ಲಿ ಸ್ನಾಯುವೆಷ್ಟು, ಕೊಬ್ಬೆಷ್ಟು ಎಂದು ಆ ತಕ್ಕಡಿ ಕೇಳುವುದಿಲ್ಲ. ಹರಕೆಗೆ ಅದರ ಅಗತ್ಯವೂ ಇಲ್ಲ. ತಕರಾರಿರುವುದು ತಕ್ಕಡಿಯನ್ನೇ ಆರೋಗ್ಯದ ತೀರ್ಪುಗಾರನನ್ನಾಗಿ ಕೂರಿಸಿದ ನಮ್ಮ ರೂಢಿಯ ಮೇಲೆ. ಹೊಟ್ಟೆ ತುಸು ಮುಂದೆ ಬಂದರೆ ರಾತ್ರಿಯ ಅನ್ನ ಬಿಡುತ್ತೇವೆ, ಬೆಳಗ್ಗೆ ಹೆದ್ದಾರಿಯ ಬದಿಯಲ್ಲಿ ನಡೆಯುತ್ತೇವೆ, ಎರಡು ಕಿಲೋ ಇಳಿದರೆ ಗೆದ್ದೆವೆನ್ನುತ್ತೇವೆ. ತೋರವಿದ್ದವರಿಗೆ ಇದರಿಂದ ಲಾಭ ಉಂಟು. ತೂಕ ಸರಿಯೇ ಇದ್ದು, ಕೈಕಾಲು ಸಪೂರವಾಗಿ, ಹೊಟ್ಟೆ ಮಾತ್ರ ಮೆತ್ತಗಿರುವವರಿಗೆ ಇದು ತಪ್ಪು ಮದ್ದು. ಅವರಲ್ಲಿ ಕೊರತೆಯಿರುವುದು ಸ್ನಾಯುವಿನದು. ಬರೀ ಊಟ ಕಡಿದರೆ ಕೊಬ್ಬಿನ ಜೊತೆ ಅದೂ ಕರಗುತ್ತದೆ.

ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಲೆಕ್ಕ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ತೆಳ್ಳಗೆ ಕಾಣುವ ಭಾರತೀಯನಿಗೂ ಸಕ್ಕರೆ ಕಾಯಿಲೆ ಬರುವುದರ ಗುಟ್ಟಿನ ಒಂದು ಎಳೆ ಇಲ್ಲಿದೆ. ಇಂಥ ದೇಹಕ್ಕೆ ‘ಇನ್ನೂ ಇಳಿಸು’ ಎನ್ನುವುದಕ್ಕಿಂತ ‘ಭಾರ ಎತ್ತು’ ಎನ್ನುವುದೇ ಸರಿಯಾದ ಸಲಹೆ.

ಭಾರ ಎತ್ತುವುದರಲ್ಲಿ ನಮ್ಮ ಸೀಮೆಯೇನೂ ಹಿಂದಿಲ್ಲ. ವಂಡ್ಸೆ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಅಂದು ಅವರು ಒಂದೇ ಬಾರಿಗೆ ತಲೆಯ ಮೇಲೆತ್ತಿದ 138 ಕಿಲೋ ಅವರ ಮೈತೂಕದ ಎರಡೂವರೆ ಪಟ್ಟಿನ ಹತ್ತಿರ. ಮುಂದೆ ಆ ವಿಭಾಗವೇ ರದ್ದಾಯಿತು. ಅವರು 61 ಕಿಲೋಗೆ ಏರಿ, 2022ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 269 ಕಿಲೋ ಎತ್ತಿ ಕಂಚು ತಂದರು. ತೂಕದ ಮಿತಿ ಏರಿದ್ದು 5 ಕಿಲೋ, ಎತ್ತಿದ್ದು 20 ಕಿಲೋ ಹೆಚ್ಚು. ಅಷ್ಟೂ ಸ್ನಾಯುವಿನ ಫಲವಲ್ಲ, ತಂತ್ರದ ಪಾಲೂ ಇದೆ. ಆದರೂ 61 ಕಿಲೋ ಮೈತೂಕವೆಂದರೆ ಬಡಕಲೆಂದು ನಂಬಿದವರು ಈ ಅಂಕಿಗಳನ್ನೊಮ್ಮೆ ನೋಡಬೇಕು.

‘ಅವರು ಕ್ರೀಡಾಪಟು, ನಮಗೆಲ್ಲಿ ಅದು?’ ಎಂಬ ಮಾತು ಬಂದೇ ಬರುತ್ತದೆ. ಬಾಸ್ಟನ್ನಿನಲ್ಲಿ 90 ವರ್ಷದ ಆಸುಪಾಸಿನ ನಿತ್ರಾಣರಾದ ವೃದ್ಧರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಅವರ ಕಾಲಿನ ಬಲ ಸರಾಸರಿ ದುಪ್ಪಟ್ಟನ್ನೂ ಮೀರಿತ್ತು. ‘ಕೈರಂಪಣಿ ಬಲೆ ಎಳೆಯುವವರಿಗೆ, ಗದ್ದೆಗೆ ಇಳಿಯುವವರಿಗೆ ವ್ಯಾಯಾಮ ಯಾಕೆ?’ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆ ದುಡಿಮೆ ಮೈಯನ್ನು ಗಟ್ಟಿ ಮಾಡುತ್ತದೆ, ನಿಜ. ಆದರೆ ಒಗ್ಗಿಹೋದ ಭಾರಕ್ಕೆ ಸ್ನಾಯು ಮತ್ತೆ ಬೆಳೆಯುವುದಿಲ್ಲ, ಹೊರೆ ಮೆಲ್ಲಗೆ ಏರುತ್ತಿರಬೇಕು. ಅಲ್ಲದೆ ಬಲೆಯನ್ನು ಯಂತ್ರ ಎಳೆಯುವ, ಹಿಟ್ಟನ್ನು ಗ್ರೈಂಡರ್ ರುಬ್ಬುವ ಕಾಲ ಇದು. ಭಾರ ಎತ್ತಿದರೆ ಹೆಂಗಸರು ಗಂಡಸರ ಹಾಗೆ ಉಬ್ಬಿಬಿಡುತ್ತಾರೆಂಬ ಭಯಕ್ಕೆ ಬುಡವಿಲ್ಲ. ಅವರಲ್ಲಿ ಟೆಸ್ಟೋಸ್ಟೆರಾನ್ ತೀರಾ ಕಡಿಮೆ. ಜಿಮ್ ಬೇಕೇಬೇಕೆಂದೂ ಇಲ್ಲ. ದಂಡ, ಬಸ್ಕಿ, ಅಕ್ಕಿ ತುಂಬಿದ ಚೀಲ ಸಾಕು, ಕೊನೆಯ ಎರಡು ಸಲಕ್ಕೆ ತಿಣುಕುವಂತಿದ್ದರೆ. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ತೊಡಕಿರುವುದು ಬಟ್ಟಲಿನಲ್ಲಿ. ಕುಚ್ಚಲಕ್ಕಿ ಗಂಜಿಯೂ ಉಪ್ಪಿನಕಾಯಿಯೂ ಹೊಟ್ಟೆ ತುಂಬಿಸುತ್ತವೆ, ಸ್ನಾಯು ಕಟ್ಟುವುದಿಲ್ಲ. ದೇಶದ ಪೌಷ್ಟಿಕಾಂಶ ಸಂಸ್ಥೆ ಕಿಲೋ ಮೈತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೊಟೀನ್ ಎನ್ನುತ್ತದೆ. ಭಾರ ಎತ್ತುವವರಿಗೆ 1.6 ಗ್ರಾಂವರೆಗೆ ಪ್ರಯೋಜನವಿದೆಯೆಂದು ಅಧ್ಯಯನಗಳು ತೋರಿಸಿವೆ. 60 ಕಿಲೋದವರಿಗೆ ಅದು ಸುಮಾರು 96 ಗ್ರಾಂ. 100 ಗ್ರಾಂ ಬಂಗುಡೆಯಲ್ಲಿ 20 ಗ್ರಾಂ ಆಸುಪಾಸು, ಅಷ್ಟೇ ಹುರುಳಿ ಕಾಳಿನಲ್ಲೂ ಅದಕ್ಕೆ ಕಡಿಮೆಯಿಲ್ಲ. ನಾವು ಹುರುಳಿಯ ಸಾರು ಬಸಿದು ಕಾಳನ್ನು ದನಕ್ಕೆ ಹಾಕುತ್ತೇವೆ, ಆಮೇಲೆ ಡಬ್ಬದ ಪುಡಿಗೆ ಸಾವಿರಗಟ್ಟಲೆ ಸುರಿಯುತ್ತೇವೆ! ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ಈ ಲೆಕ್ಕವನ್ನು ವೈದ್ಯರ ಎದುರು ಹಾಕಬೇಕು. ಉಳಿದವರು ಒಂದು ಟೇಪು ಇಟ್ಟುಕೊಂಡು ಸೊಂಟ ಅಳೆದರೆ ಸಾಕು: ನಮ್ಮವರಿಗೆ ಮಿತಿ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್. ತೂಕ ಅಲ್ಲೇ ನಿಂತಿದ್ದರೂ ಸೊಂಟದ ಅಳತೆ ಇಳಿಯುತ್ತ, ಎತ್ತುವ ಚೀಲ ಭಾರವಾಗುತ್ತ ಹೋದರೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ.