ಟೀಪಾಯಿ ಮತ್ತು 'ಕಲೋನಿಯಲ್ ಶೈಲಿ'

ಅತಿಥಿಯ ಮುಂದೆ ಚಹದ ತಟ್ಟೆಯನ್ನಿಡಲು ಬಳಸುವ ಚಿಕ್ಕ ಮೇಜಿಗೆ ಕನ್ನಡಿಗರ ಮನೆಗಳಲ್ಲಿ ಟೀಪಾಯಿ ಎಂಬ ಹೆಸರು ರೂಢವಾಗಿದೆ. ಚಹ ಇಡುವುದರಿಂದ ಅದು ಟೀಪಾಯಿ ಆಯಿತೆಂದು ತಿಳಿಯುವವರೇ ಬಹುಮಂದಿ. ವಸ್ತುತಃ ಆ ಶಬ್ದಕ್ಕೂ ಚಹಕ್ಕೂ ಹುಟ್ಟಿನ ಸಂಬಂಧವಿಲ್ಲ. ಹಿಂದಿಯ 'ತೀನ್', ಪಾರಸಿಯಿಂದ ಬಂದ 'ಪಾಯಾ' ಇವೆರಡೂ ಕೂಡಿ, ಮೂರು ಕಾಲಿನ ಪೀಠಕ್ಕೆ 'ತಿಪಾಯಿ' ಎಂಬ ಹೆಸರು ಈ ದೇಶದಲ್ಲಿ ಮೊದಲೇ ಇದ್ದಿತು. ಇಂಗ್ಲಿಷರ ಕಿವಿಗೆ ಅದರ ಮೊದಲಕ್ಷರ ಚಹದ ಹೆಸರಿನಂತೆ ಕೇಳಿಸಿತು. ಬರವಣಿಗೆ ಅದಕ್ಕೆ ಹೊಂದಿಕೊಂಡಿತು. ಬರವಣಿಗೆಯನ್ನು ಅರ್ಥವೂ ಹಿಂಬಾಲಿಸಿತು. ಹೀಗೆ ಈ ನೆಲದ ಮಾತೊಂದು ಇಂಗ್ಲಿಷಿನ ವೇಷವನ್ನು ತೊಟ್ಟು, ದಾರಿಯಲ್ಲಿ ನಾಲ್ಕನೆಯ ಕಾಲನ್ನೂ ಸಂಪಾದಿಸಿಕೊಂಡು, ತನ್ನ ಮನೆಗೆ ತಾನೇ ನಂಟನಾಗಿ ಮರಳಿತು.

ಗೃಹಾಲಂಕಾರದಲ್ಲಿ ಇಂದು 'ಕಲೋನಿಯಲ್ ಶೈಲಿ' ಎಂದು ಹೆಸರಾಗಿರುವುದರ ಕಥೆಯೂ ಬಹುಮಟ್ಟಿಗೆ ಇದೇ. ಮುಂಬಯಿಯ ಜೋಗೇಶ್ವರಿ, ಓಶಿವರಾ ಕಡೆಯ ಪೀಠೋಪಕರಣದ ಅಂಗಡಿಗಳಲ್ಲಿ ಈ ಹೆಸರಿನಡಿ ದೊರೆಯುವ ಸಾಮಗ್ರಿಗಳು ಚಿರಪರಿಚಿತವಾದವು: ಕಪ್ಪು ಮೆರುಗಿನ ಚತುಷ್ಸ್ತಂಭ ಮಂಚ, ಬೆತ್ತ ಹೆಣೆದ ಕುರ್ಚಿ, ಮೂಲೆಗಳಿಗೆ ಹಿತ್ತಾಳೆ ಬಿಗಿದ ಪೆಟ್ಟಿಗೆ, ನೀಳವಾದ ತೋಳುಗಳುಳ್ಳ ಆರಾಮಕುರ್ಚಿ. ಇವೆಲ್ಲವೂ ಒಂದೇ ಕುಲದವು, ಆಳಿದವರ ಅಭಿರುಚಿಯ ಫಲ, ಎಂಬ ಭಾವನೆ ಮಾರುವವರಲ್ಲಿಯೂ ಇದೆ, ಕೊಳ್ಳುವವರಲ್ಲಿಯೂ ಇದೆ. ಈ ಭಾವನೆಯನ್ನು ಸ್ವಲ್ಪ ಕೆದಕಿ ನೋಡುವುದು ಅವಶ್ಯ. ಒಂದು ಶೈಲಿಗೆ ಅದರಲ್ಲಿ ಕುಳಿತವನ ಹೆಸರನ್ನು ಕೊಟ್ಟಾಗ, ಮರವನ್ನು ಬೆಳೆಸಿದ ಕಾಡೂ ಉಳಿಯನ್ನು ಹಿಡಿದ ಕೈಯೂ ಆ ಹೆಸರಿನಿಂದ ಜಾರಿಹೋಗುತ್ತವೆ. ಅಷ್ಟೇ ಅಲ್ಲ, ಒಳ್ಳೆಯ ಪೀಠವಾವುದು, ಕೆಟ್ಟದ್ದಾವುದು ಎಂಬ ವಿವೇಚನೆಗೂ ಆಮೇಲೆ ಅವಕಾಶವಿರುವುದಿಲ್ಲ.

ಮೊದಲು ಮುಂಬಯಿಯದೇ ಆದ ಒಂದು ಸಂಪ್ರದಾಯವನ್ನು ಪರಿಶೀಲಿಸಬಹುದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ನಗರದ 'ಬ್ಲ್ಯಾಕ್‌ವುಡ್' ಪೀಠೋಪಕರಣಗಳು ಪ್ರಸಿದ್ಧವಾಗಿದ್ದವು. ಕೋಟೆಯೊಳಗಿನ ಮೆಡೋಸ್ ಸ್ಟ್ರೀಟ್, ಎಂದರೆ ಇಂದಿನ ನಗೀನದಾಸ್ ಮಾಸ್ಟರ್ ರಸ್ತೆ, ಈ ವ್ಯಾಪಾರದ ನೆಲೆಯಾಗಿದ್ದಿತು. ವ್ಯಾಪಾರಿಗಳಲ್ಲಿ ಪಾರಸಿಗಳು ಮುಂದಾಗಿದ್ದರು. ಬ್ಲ್ಯಾಕ್‌ವುಡ್ ಎಂಬುದು ಯಾವುದೋ ಅಪೂರ್ವ ವೃಕ್ಷವಲ್ಲ, ಮಲೆನಾಡಿನವರು ಬಲ್ಲ ಬೀಟೆ. ಅದರಲ್ಲಿ ಸೋಫಾಗಳು, ದುಂಡುಮೇಜುಗಳು, ಹೂದಾನಿಯ ಪೀಠಗಳು, ಇಬ್ಬರು ಎದುರುಬದುರಾಗಿ ಕುಳಿತು ಸಂಭಾಷಿಸುವ ಜೋಡಿಕುರ್ಚಿಗಳು ತಯಾರಾದವು. ಆಕಾರ ಐರೋಪ್ಯ, ಆ ಕಾಲದ ಯೂರೋಪು ತನ್ನ ಹಿಂದಿನ ಫ್ರೆಂಚ್ ರಾಜರ ಕಾಲದಿಂದ ಎರವು ತಂದ ಬಾಗುಬಳುಕಿನ ಆಕಾರ. ಆದರೆ ಆ ಆಕಾರದ ಮೇಲೆ ತುಂಬಿಕೊಂಡ ಎಲೆ, ಬಳ್ಳಿ, ಹಕ್ಕಿ, ಸಿಂಹಪಾದಗಳು ಈ ನಾಡಿನ ಬಡಗಿಯ ಕೈಯವು. ಬಳ್ಳಿಯ ನಡುವಣ ಮರವನ್ನೆಲ್ಲ ಕೊರೆದು ತೆಗೆದು, ಗಟ್ಟಿಯಾದ ಬೀಟೆಯನ್ನು ಜಾಲಂಧ್ರದಂತೆ ಮಾಡಿದ ಕೌಶಲ ನಿಜಕ್ಕೂ ಬೆರಗುಗೊಳಿಸುವಂಥದು.

ಬೆರಗು ಬೇರೆ, ಮೆಚ್ಚುಗೆ ಬೇರೆ. ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯದ ಅಳತೆಗೋಲನ್ನು ಕುರ್ಚಿಗೂ ಹಿಡಿಯಬಹುದು. ಕುರ್ಚಿಯ ಬೆನ್ನೊರಗು ಮನುಷ್ಯನ ಬೆನ್ನಿಗಾಗಿ ಇರತಕ್ಕದ್ದು. ಉಬ್ಬಿದ ಕೆತ್ತನೆಯ ಹಣ್ಣು ಹೂಗಳು ಒರಗಿದವನ ಬೆನ್ನನ್ನು ಚುಚ್ಚುವಂತಿದ್ದರೆ, ಜಾಲಂಧ್ರದ ಪ್ರತಿಯೊಂದು ಸಂದಿನಲ್ಲಿಯೂ ಧೂಳು ಕುಳಿತು ಮನೆಯ ಆಳು ದಿನಕ್ಕೊಂದು ಗಂಟೆ ಕುಂಚವಾಡಿಸಬೇಕಾದರೆ, ಅಲಂಕಾರವು ಅಲಂಕಾರ್ಯವನ್ನು ನುಂಗಿದೆಯೆಂದೇ ಹೇಳಬೇಕಾಗುತ್ತದೆ. ಮುಂಬಯಿಯ ಬೀಟೆಯ ಸೋಫಾ ಶಿಲ್ಪವಾಗಿ ಗೆದ್ದು ಆಸನವಾಗಿ ಸೋತ ಕೃತಿ. ಸೋಲು ಕೆತ್ತಿದವನದಲ್ಲ, ಅವನಿಗೆ ನಕ್ಷೆಯನ್ನು ಕೊಟ್ಟವರು ಬೇರೆ, ಕೂಡುವವರು ಬೇರೆ. ತಾನೆಂದೂ ಕುಳಿತುಕೊಳ್ಳದ ಕುರ್ಚಿಯನ್ನು ಅವನು ಮಾಡಿದನು. ಅವನ ಮನೆಯಲ್ಲಿದ್ದುದು ಮಣೆ, ಚಾಪೆ, ಹೆಚ್ಚೆಂದರೆ ಒಂದು ಮಂಚ.

ಭಾರತೀಯ ಕುಶಲಕಲೆಗಳ ಮೇಲೆ ಇಂಗ್ಲಿಷ್ ಮಾದರಿಗಳು ಬೀರುತ್ತಿದ್ದ ಕೆಟ್ಟ ಪರಿಣಾಮವನ್ನು ಆ ಕಾಲದಲ್ಲಿಯೇ ಗುರುತಿಸಿದವರಲ್ಲಿ ಜಾರ್ಜ್ ಬರ್ಡ್‌ವುಡ್ ಪ್ರಮುಖನು. ಅವನು ೧೮೩೨ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದವನು. ವೈದ್ಯನಾಗಿ ಮುಂಬಯಿಗೆ ಬಂದು, ಇಂದು ಭಾವು ದಾಜಿ ಲಾಡ್ ಅವರ ಹೆಸರಿನಲ್ಲಿರುವ ಬೈಕಲ್ಲಾದ ವಸ್ತುಸಂಗ್ರಹಾಲಯದ ಆರಂಭಕ್ಕೆ ದುಡಿದವನು. ೧೮೮೦ರಲ್ಲಿ ಹೊರಬಂದ ಅವನ ಗ್ರಂಥ ಹಳ್ಳಿಯ ಕುಶಲಿಗಳ ಕೈಗೆಲಸವನ್ನು ಮನಸಾರೆ ಕೊಂಡಾಡಿತು. ಆದರೂ ಅದೇ ಬರ್ಡ್‌ವುಡ್ ೧೯೧೦ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಭಾರತಕ್ಕೆ ಲಲಿತಕಲೆಯೇ ಇಲ್ಲವೆಂದು ಸಾರಿ, ಬುದ್ಧವಿಗ್ರಹವೊಂದನ್ನು ಬೇಯಿಸಿದ ಕಡುಬಿಗೆ ಹೋಲಿಸಿದನು! ಕೈಯನ್ನು ಹೊಗಳಿ ತಲೆಯನ್ನು ಅಲ್ಲಗಳೆಯುವ ಈ ವಿಚಿತ್ರ ಪ್ರೀತಿ ಅವನೊಬ್ಬನದೇ ಆಗಿರಲಿಲ್ಲ. 'ಕಲೋನಿಯಲ್' ಎಂಬ ಹೆಸರಿನೊಳಗೆ ಅದು ಇನ್ನೂ ಉಸಿರಾಡುತ್ತಿದೆ: ಕಲ್ಪನೆ ಅವರದು, ಕೂಲಿ ಇವರದು.

ಮರದ ಮಾತು ಕನ್ನಡ ಓದುಗರಿಗೆ ಇನ್ನೂ ಹತ್ತಿರದ್ದು. ಮುಂಬಯಿಗೆ ಬೀಟೆ ಬರುತ್ತಿದ್ದುದು ಮಲಬಾರ್ ಮತ್ತು ಕನ್ನಡ ಕರಾವಳಿಗಳ ಬೆನ್ನಿಗಿರುವ ಘಟ್ಟದ ಕಾಡುಗಳಿಂದ. ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸಿನ ಆಡಳಿತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ೧೮೭೮ರ ಅರಣ್ಯ ಕಾಯಿದೆ ಕಾಡಿನ ಮೇಲೆ ಸರ್ಕಾರದ ಹಿಡಿತವನ್ನು ಬಿಗಿಗೊಳಿಸಿತು. ಕುಮರಿ ಬೇಸಾಯಕ್ಕೆ ನಿರ್ಬಂಧ ಬಂದಿತು; ಬೆಲೆಬಾಳುವ ಮರಗಳು ಸರ್ಕಾರದ ಸ್ವತ್ತಾದವು. ತನ್ನ ಹಿತ್ತಿಲಾಚೆಯ ಬೀಟೆಯನ್ನು ಮುಟ್ಟಲಾರದ ರೈತನೂ, ಅದೇ ಬೀಟೆಯ ಸೋಫಾದಲ್ಲಿ ಮಲಬಾರ್ ಹಿಲ್ಲಿನ ದಿವಾನಖಾನೆಯಲ್ಲಿ ಕುಳಿತ ಅಧಿಕಾರಿಯೂ ಒಂದೇ ಪ್ರಾಂತದ ಪ್ರಜೆ ಮತ್ತು ಪ್ರಭು. ೧೯೩೦ರ ಚಳವಳಿಯಲ್ಲಿ ಶಿರಸಿ, ಸಿದ್ದಾಪುರಗಳ ಕಡೆ ಜನ ಅರಣ್ಯದ ಕಾನೂನನ್ನೇ ಮುರಿಯಲು ಆರಿಸಿಕೊಂಡದ್ದು ಆಕಸ್ಮಿಕವಲ್ಲ. ಬೀಟೆ ಇಂದು ಅಳಿವಿನ ಭಯವಿರುವ ಮರಗಳ ಸಾಲಿನಲ್ಲಿದೆ. ೨೦೧೭ರಿಂದ ಅದರ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೊಳಪಟ್ಟಿದೆ.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಪರಂಪರೆ ದಂಡಿನ ಪೀಠೋಪಕರಣದ್ದು. ಹಿತ್ತಾಳೆ ಬಿಗಿದ ಪೆಟ್ಟಿಗೆ ಈಗ ಅಂದಕ್ಕಾಗಿ ಮಾರಾಟವಾಗುತ್ತದೆ. ಅದರ ಹುಟ್ಟಿನಲ್ಲಿ ಅಂದದ ವಿಚಾರವೇ ಇರಲಿಲ್ಲ. ಒಂಟೆ ಎತ್ತುಗಳ ಮೇಲೆ ಹೇರಿದಾಗ ಮೂಲೆ ಒಡೆಯದಿರಲೆಂದು ಹಿತ್ತಾಳೆಯ ಪಟ್ಟಿ. ಮಳೆಗಾಲದ ತೇವಕ್ಕೆ ಅಂಟು ಬಿಡುವುದರಿಂದ ತಿರುಪಿನ ಜೋಡಣೆ. ಹಗ್ಗಕ್ಕೆ ತೊಡಕಾಗದಿರಲೆಂದು ಮರದೊಳಗೆ ಹುದುಗುವ ಹಿಡಿ. ಹೊರುವ ಅನುಕೂಲಕ್ಕಾಗಿ ಎರಡು ಭಾಗ. ಈ ಜಾತಿಯ ಶ್ರೇಷ್ಠ ಕೃತಿ ರೂರ್ಕಿಯ ಸೇನಾ ಇಂಜಿನಿಯರುಗಳ ನೆಲೆಯಿಂದ ಹೆಸರು ಪಡೆದ 'ರೂರ್ಕಿ ಕುರ್ಚಿ'. ಕಡೆದ ಕಾಲುಗಳು, ಅಡ್ಡಕೋಲುಗಳು, ಕ್ಯಾನ್ವಾಸು, ಒಂದೆರಡು ಚರ್ಮದ ಪಟ್ಟಿಗಳು, ಇಷ್ಟೇ. ಅಂಟಿಲ್ಲ, ಮೊಳೆಯಿಲ್ಲ. ಕುಳಿತವನ ಭಾರವೇ ಕೀಲುಗಳನ್ನು ಬಿಗಿಮಾಡುತ್ತದೆ. ಏರುತಗ್ಗಿನ ನೆಲದಲ್ಲಿಯೂ ನಾಲ್ಕು ಕಾಲೂ ಊರುತ್ತವೆ. ಡೆನ್ಮಾರ್ಕಿನ ಕಾರೆ ಕ್ಲಿಂಟ್ ೧೯೩೩ರಲ್ಲಿ ರಚಿಸಿದ 'ಸಫಾರಿ ಕುರ್ಚಿ' ಇದರ ನೇರ ಸಂತಾನ. ಸಾಮ್ರಾಜ್ಯದ ಸಿಪಾಯಿಗಿರಿಗೆ ಹುಟ್ಟಿದ ವಸ್ತುವೆಂಬ ಕಾರಣಕ್ಕೆ ಇದರ ಗುಣವನ್ನು ಮರೆಮಾಚುವುದು ವಿಮರ್ಶೆಯಲ್ಲ.

ನೀಳ ತೋಳಿನ ತೋಟಗಾರರ ಕುರ್ಚಿಯ ವಿಷಯ ಇಷ್ಟು ಸರಳವಲ್ಲ. ಸಿಂಹಳದಿಂದ ಕೊಡಗಿನವರೆಗೆ ಕಾಫಿ ಚಹಗಳ ತೋಟವಿದ್ದಲ್ಲೆಲ್ಲ ಅದು ಹಬ್ಬಿತು. ಬೆವರಿದ ಬೆನ್ನಿಗೆ ಗಾಳಿಯಾಡುವ ಬೆತ್ತದ ಹೆಣಿಗೆ, ಊದಿದ ಕಾಲುಗಳನ್ನು ಎತ್ತಿ ಚಾಚಲು ಹೊರಕ್ಕೆ ತಿರುಗುವ ತೋಳು. ಆಕೃತಿಯ ದೃಷ್ಟಿಯಿಂದ ಕುಂದಿಲ್ಲ. ಆದರೆ ಆ ಭಂಗಿಯನ್ನು ನೋಡಿದ ಕೂಡಲೇ ಒಂದು ಸಂಗತಿ ತಿಳಿಯುತ್ತದೆ: ಹಾಗೆ ಕಾಲು ಚಾಚಿದವನು ಸುಲಭವಾಗಿ ಏಳಲಾರನು. ಬೂಟನ್ನು ಕಳಚಲು ಒಬ್ಬ, ಪಾನೀಯವನ್ನು ತರಲು ಒಬ್ಬ, ಗೋಡೆಯಾಚೆ ಕುಳಿತು ಪಂಖದ ಹಗ್ಗವನ್ನು ಜಗ್ಗಲು ಮತ್ತೊಬ್ಬ, ಇಷ್ಟು ಮಂದಿಯನ್ನು ಆ ಕುರ್ಚಿ ತನ್ನ ಸುತ್ತ ಊಹಿಸಿಕೊಂಡಿದೆ. ಕುರ್ಚಿ ಈಗಲೂ ಮಾರಾಟಕ್ಕಿದೆ. ಅವರು ಚಿತ್ರದಿಂದ ಅಳಿಸಿಹೋಗಿದ್ದಾರೆ.

ಹೆಸರಿನ ಗೊಂದಲ ಒಂದೇ ದಿಕ್ಕಿಗೆ ಹರಿದುದಲ್ಲವೆಂಬುದಕ್ಕೆ ಸೊಗಸಾದ ಸಾಕ್ಷಿಯೊಂದಿದೆ. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಕೋರಮಂಡಲ ಕರಾವಳಿಯ ಕುಶಲಿಗಳು ಕರಿಮರದಲ್ಲಿ ದಟ್ಟವಾಗಿ ಕೆತ್ತಿದ ಕುರ್ಚಿಗಳು ಇಂಗ್ಲೆಂಡಿಗೆ ಹೋಗಿದ್ದವು. ಅವುಗಳ ಹುಟ್ಟು ಮರೆತುಹೋಗಿ, ಮುಂದಿನ ಶತಮಾನದಲ್ಲಿ ಹೊರೇಸ್ ವಾಲ್ಪೋಲ್ ಎಂಬ ಶ್ರೀಮಂತ ರಸಿಕನು ಅಂಥವನ್ನು ಇಂಗ್ಲೆಂಡಿನ ಟ್ಯೂಡರ್ ರಾಜರ ಕಾಲದ ಪ್ರಾಚೀನ ವಸ್ತುಗಳೆಂದು ನಂಬಿ ತನ್ನ ಸ್ಟ್ರಾಬೆರಿ ಹಿಲ್ ಮನೆಗಾಗಿ ಸಂಗ್ರಹಿಸಿದನು. ತೆಲುಗು ತಮಿಳು ಸೀಮೆಯ ಬಡಗಿಯ ಕೃತಿ ಇಂಗ್ಲಿಷ್ ಪುರಾತನತೆಯ ಗುರುತಾಗಿ ನಿಂತಿತು! ಅಮೀನ್ ಜಾಫರ್ ಅವರು ೨೦೦೧ರಲ್ಲಿ ಪ್ರಕಟಿಸಿದ, ಬ್ರಿಟಿಷ್ ಭಾರತ ಮತ್ತು ಸಿಂಹಳಗಳ ಪೀಠೋಪಕರಣವನ್ನು ಕುರಿತ ಗ್ರಂಥ ಇಂಥ ವಸ್ತುಗಳನ್ನು ಊರೂರಿನ ಕುಶಲಪರಂಪರೆಗಳ ಪ್ರಕಾರ ವಿಂಗಡಿಸಿ ತೋರಿಸಿದೆ. ವಿಶಾಖಪಟ್ಟಣದ ದಂತದ ಕುಂದಣವೇ ಬೇರೆ, ಮುಂಬಯಿಯ ಬೀಟೆಯೇ ಬೇರೆ. ಅಂಗಡಿಯವರಿಗೆ ಮಾತ್ರ ಇವೆಲ್ಲಕ್ಕೂ ಇನ್ನೂ ಒಂದೇ ಹೆಸರು. ಇರಾನಿ ಹೋಟೆಲುಗಳ ಬಾಗುಮರದ ಕುರ್ಚಿಯನ್ನೂ ಅವರು ಇದೇ ಗುಂಪಿಗೆ ಸೇರಿಸುವುದುಂಟು. ಅದರ ಮೂಲಪುರುಷ ೧೮೫೯ರ ತೋನೆಟ್ ಕುರ್ಚಿ, ಇಂಗ್ಲಿಷರಿಗೆ ಸಂಬಂಧಿಸಿದ್ದೇ ಅಲ್ಲ. ಬಿಡಿಭಾಗಗಳಾಗಿ ಕಳಚಿದರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಮೂವತ್ತಾರು ಹಿಡಿಯುತ್ತಿದ್ದ, ಅಗ್ಗದ, ಆಸ್ಟ್ರಿಯ ದೇಶದ ಸರಕು.

ಇನ್ನು ಇಂದಿನ ಅನುಕರಣಗಳು. ಅಭಿರುಚಿ ಅವರವರದು, ಹಳೆಯ ಮೇಜೊಂದರ ಮಾದರಿಯನ್ನು ಕೊಳ್ಳಲು ಇತಿಹಾಸದ ಪರೀಕ್ಷೆ ಬರೆಯಬೇಕೇ ಎಂಬ ಆಕ್ಷೇಪ ಸಹಜವಾದುದೇ. ಬೇಡ. ಆದರೆ ಕೊಂಡದ್ದು ಹಳೆಯ ಮೇಜಿನ ಗುಣವನ್ನಾದರೂ ಹೊಂದಿರಬೇಕಷ್ಟೆ. ಮಾವಿನ ಮರಕ್ಕೆ ಬೀಟೆಯ ಬಣ್ಣ ಬಳಿದು, ಬೆತ್ತದ ಹೆಣಿಗೆಯ ಹಿಂದೆ ಹಲಗೆಯನ್ನು ಬಡಿದು, ಎಂದೂ ಪಯಣಿಸದ ಕಪಾಟಿಗೆ ಹಿತ್ತಾಳೆಯ ಮೂಲೆಗಳನ್ನು ಅಂಟಿಸಿದಾಗ, ಪ್ರತಿಯೊಂದು ಅಂಶವೂ ತನ್ನ ಕಾರಣವನ್ನು ಕಳೆದುಕೊಂಡು ಬರಿಯ ಚಿಹ್ನೆಯಾಗುತ್ತದೆ. ಸೊಳ್ಳೆಪರದೆಯನ್ನು ತೂಗುಹಾಕಲು ನಿಂತಿದ್ದ ಮಂಚದ ಕಂಬಗಳು, ಗಾಜಿನ ಕಿಟಕಿಯ ಹವಾನಿಯಂತ್ರಿತ ಕೋಣೆಯಲ್ಲಿ ಸೂರಿಗೆ ತಲೆತಾಗಿಸಿ ಸುಮ್ಮನೆ ನಿಂತಿರುತ್ತವೆ. ಹಗಲು ಹಾಸಿಗೆಯನ್ನು ಸುತ್ತಿಟ್ಟು, ರಾತ್ರಿ ಅದೇ ನೆಲದಲ್ಲಿ ಮನೆಮಂದಿಯೆಲ್ಲ ಮಲಗಿ, ಒಂದೇ ಕೋಣೆಯಲ್ಲಿ ಮೂರು ಮನೆಗಳ ಕೆಲಸ ಮಾಡಿದ ಮುಂಬಯಿಯ ಚಾಳುಗಳ ಸಂಸಾರಗಳಿಗೆ ಸ್ಥಳದ ಔಚಿತ್ಯ ಇದಕ್ಕಿಂತ ಚೆನ್ನಾಗಿ ತಿಳಿದಿತ್ತು. ಮಡಚುವ ಮಂಚವನ್ನು ಬಾಗಿಲ ಹಿಂದೆ ನಿಲ್ಲಿಸಿದ ಆ ಗೃಹಿಣಿಗೆ ರೂರ್ಕಿ ಕುರ್ಚಿಯ ತತ್ತ್ವ ಹೊಸದೇನೂ ಆಗಿರಲಾರದು.

ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೆಯ ಕುರ್ಚಿಗಳನ್ನು ಬಲ್ಲ ವ್ಯಾಪಾರಿ, ಗಿರಾಕಿ ನಂಬದಿದ್ದಾಗ, ಅದನ್ನು ತಲೆಕೆಳಗು ಮಾಡಿ ತೋರಿಸುತ್ತಾನೆ. ಮೇಲಿನ ಕಪ್ಪು ಮೆರುಗು ಅಲ್ಲಿಗೆ ತಲಪಿರುವುದಿಲ್ಲ. ಕಪ್ಪು ಗೆರೆಗಳೋಡಿದ ನೇರಿಳೆಗಂದು ಬಣ್ಣದ ಮರ, ಅದರ ಮೇಲೆ ಯಾರೂ ನೋಡುವುದಿಲ್ಲವೆಂದು ನಯಮಾಡದೆ ಬಿಟ್ಟ ಉಳಿಯ ಗುರುತುಗಳು, ಅಲ್ಲಿ ಹಾಗೆಯೇ ಇರುತ್ತವೆ.